ಸಾಬಾದಲ್ಲಿ ಮೊದಲ ಓಟು: ಕೊತ್ತಂಬರಿ ಸೊಪ್ಪಿನ ಅಂಗಡಿಯವರಿಗೋ, ಪೈಪ್ ರಿಪೇರಿಯವರಿಗೋ?

ಹಾಸನದವಳು (ಮಾರ್ಚ್ 2023)

ಎಲ್ಲರಿಗೂ ನಮಸ್ಕಾರ. ನಾನಿರೋದು ಕೆರಿಬಿಯನ್ ಸಮುದ್ರದಲ್ಲಿರೋ, ನೆದರ್ಲೆಂಡ್ಸ್‌ಗೆ ಸೇರಿದ ಸಾಬಾ ದ್ವೀಪದಲ್ಲಿ. 13 ಚದರ ಕಿಲೋಮೀಟರು, ಸುಮಾರು 2000 ಜನ. ನಮ್ಮವರು ಇಲ್ಲಿನ ಮೆಡಿಕಲ್ ಕಾಲೇಜಲ್ಲಿ ಮೇಷ್ಟ್ರು. 2017ರಲ್ಲಿ ಬಂದಿಳಿದ ಸ್ವಲ್ಪ ದಿನಕ್ಕೇ ಇರ್ಮಾ ಚಂಡಮಾರುತ ಬಡೀತು. ಆಗಿನಿಂದ ಇಲ್ಲೇ ಇದ್ದೀವಿ.

ಇದೇ 15ಕ್ಕೆ ಐಲ್ಯಾಂಡ್ ಕೌನ್ಸಿಲ್, ಅಂದ್ರೆ ದ್ವೀಪದ ಸಭೆಯ ಚುನಾವಣೆ. ಐದು ವರ್ಷ ದಾಟಿದ್ದರಿಂದ ನನಗೂ ಓಟಿನ ಕಾರ್ಡ್ ಬಂದಿದೆ. ಸಮಸ್ಯೆ ಏನಂದ್ರೆ, ಹತ್ತಿರದ ಸಿಂಟ್ ಮಾರ್ಟೆನ್ ದ್ವೀಪದಿಂದ ಹಡಗು ಬಂದಾಗೆಲ್ಲ ನನಗೇ ಅಂತ ಒಂದು ಕಟ್ಟು ಕೊತ್ತಂಬರಿ ಎತ್ತಿಡೋ ಅಂಗಡಿಯಮ್ಮ ಒಂದು ಪಕ್ಷದ ಪಟ್ಟಿಯಲ್ಲಿ ನಿಂತಿದ್ದಾರೆ. ಮಳೆನೀರಿನ ತೊಟ್ಟಿಗೆ ಹೋಗೋ ಪೈಪ್ ಕಟ್ಟಿಕೊಂಡಾಗ ಭಾನುವಾರ ಅಂತಲೂ ನೋಡದೆ ಬಂದು ಬಿಡಿಸಿಕೊಟ್ಟವರು ಇನ್ನೊಂದರಲ್ಲಿ. ಇಬ್ಬರೂ ದೂರದ ನೆಂಟರು ಬೇರೆ. ಇಲ್ಲಿ ಕಲ್ಲೆಸೆದರೆ ಹಸೆಲ್ ಮನೆಗೆ ಬೀಳುತ್ತೆ, ತಪ್ಪಿದರೆ ಜಾನ್ಸನ್ ಮನೆಗೆ.

ಪಕ್ಷದ ಲೆಕ್ಕದ ಜೊತೆ ಯಾವ ಹೆಸರಿಗೆ ಎಷ್ಟು ಓಟು ಅನ್ನೋದೂ ಪ್ರಕಟ ಆಗುತ್ತೆ. ಆರೇಳು ಓಟು ಬಿದ್ದವರು ಬೆರಳು ಮಡಚಿಯೇ ಕಂಡುಹಿಡೀತಾರೆ! ಏನು ಮಾಡಲಿ? ಇನ್ನೊಂದು, ಪಕ್ಕದ ಮನೆಯವರಿಗೆ ಎರಡು ಓಟಂತೆ, ನನಗೆ ಒಂದೇ ಅಂತೆ. ಯಾಕೆ? ಭಾರತದ ಪಾಸ್‌ಪೋರ್ಟ್‌ಗೇನಾದರೂ ತೊಂದರೆ ಉಂಟಾ?

ಆಮ್ಸ್ಟೆಲ್‌ವೀನ್ ರಾಯರು

ಪಾಸ್‌ಪೋರ್ಟ್ ಚಿಂತೆ ಬಿಡಿ ಅಕ್ಕ. ನಾನೂ ಭಾರತದ ಪಾಸ್‌ಪೋರ್ಟ್‌ನವನೇ. ಹೋದ ವರ್ಷ ಮಾರ್ಚಲ್ಲಿ ಇಲ್ಲಿ ನೆದರ್ಲೆಂಡ್ಸ್‌ನಲ್ಲಿ ನಗರಸಭೆಗೆ ಓಟು ಹಾಕಿದೆ, ಏನೂ ಆಗಲಿಲ್ಲ.

ಎರಡನೇ ಓಟಿನ ಕಥೆ ಹೀಗೆ. 2010ರ ಅಕ್ಟೋಬರ್ 10ಕ್ಕೆ ನೆದರ್ಲೆಂಡ್ಸ್ ಆಂಟಿಲ್ಸ್ ಅನ್ನೋ ಕೆರಿಬಿಯನ್ ಡಚ್ ದ್ವೀಪಗಳ ಒಕ್ಕೂಟ ವಿಸರ್ಜನೆ ಆಗಿ ಸಾಬಾ, ಸ್ಟೇಶಿಯಾ, ಬೊನೇರ್ ಈ ಮೂರು ದ್ವೀಪ ನೇರವಾಗಿ ನೆದರ್ಲೆಂಡ್ಸ್‌ಗೆ ಸೇರಿದವು. ಇಲ್ಲಿ ಮೇಲ್ಮನೆ ಸದಸ್ಯರನ್ನು ಆರಿಸೋದು ಪ್ರಾಂತ್ಯ ಸಭೆಗಳು. ನಿಮ್ಮ ದ್ವೀಪ ಯಾವ ಪ್ರಾಂತ್ಯಕ್ಕೂ ಸೇರಿಲ್ಲ. ಆ ಕೆಲಸ ಐಲ್ಯಾಂಡ್ ಕೌನ್ಸಿಲ್‌ಗೇ ಕೊಟ್ಟರೆ ವಿದೇಶಿಯರ ಓಟೂ ಮೇಲ್ಮನೆ ತನಕ ಮುಟ್ಟುತ್ತೆ. ಅದಕ್ಕೇ 2019ರಿಂದ ಬೇರೆಯೇ ಒಂದು ಮತದಾರ ಮಂಡಳಿ ಮಾಡಿದ್ದಾರೆ. ಅದಕ್ಕೆ ಡಚ್ ಪ್ರಜೆಗಳು ಮಾತ್ರ ಓಟು ಹಾಕಬಹುದು. ನಿಮಗೆ ಕೌನ್ಸಿಲ್ ಚೀಟಿ ಒಂದೇ.

ಮಾಜಿ ಮೆಂಬರ್, ಸಕಲೇಶಪುರ

ಕೌನ್ಸಿಲ್‌ನಲ್ಲಿ ಎಷ್ಟು ಸೀಟಮ್ಮ? ಐದು ಅಂತ ಮಗ ಹುಡುಕಿ ಹೇಳಿದ. ನಮ್ಮ ಗ್ರಾಮ ಪಂಚಾಯ್ತಿಯಲ್ಲಿ 400 ಜನಕ್ಕೆ ಒಬ್ಬ ಮೆಂಬರ್. ನಿಮ್ಮ 2000ಕ್ಕೆ ಹಾಕಿ ನೋಡಿ, ಸರಿಯಾಗಿ ಐದೇ! ಅಲ್ಲಿಗೆ ನಿಮ್ಮದೂ ಒಂದು ಪಂಚಾಯ್ತಿ. ಏನು, ಸುತ್ತ ಸಮುದ್ರ ಇದೆ ಅಷ್ಟೆ.

ನಾನು ಎರಡು ಓಟಲ್ಲಿ ಗೆದ್ದೋನು. "ಆ ಎರಡು ಓಟು ನಮ್ಮ ಮನೇದೇ" ಅಂತ ಇಲ್ಲೀವರೆಗೆ ಮೂವತ್ತು ಮನೆಯೋರು ಹೇಳಿದ್ದಾರೆ, ಎಲ್ಲರಿಗೂ ಕಾಫಿ ಕುಡಿಸಿದ್ದೀನಿ. ಬೆರಳು ಮಡಚೋರು ಮಡಚಲಿ, ಲೆಕ್ಕ ಯಾವತ್ತೂ ಕೂಡಲ್ಲ.

ಫಿಲಿಪ್ಸ್‌ಬರ್ಗ್‌ನಿಂದ

ಹಾಕದೆ ಮಾತ್ರ ಕೂರಬೇಡಿ. ಪಕ್ಕದ ಸ್ಟೇಶಿಯಾದಲ್ಲಿ 2018ರ ಫೆಬ್ರವರಿಯಲ್ಲಿ ಹೇಗ್‌ನಲ್ಲಿರೋ ಡಚ್ ಸರ್ಕಾರ ಕೌನ್ಸಿಲನ್ನೇ ವಿಸರ್ಜಿಸಿ ಆಡಳಿತಾಧಿಕಾರಿಯನ್ನ ಕೂರಿಸಿತು. ಮತ್ತೆ ಓಟು ಹಾಕೋಕೆ ಸಿಕ್ಕಿದ್ದು 2020ರ ಅಕ್ಟೋಬರ್‌ನಲ್ಲಿ. ನಿಮ್ಮಲ್ಲಿ 2019ರಲ್ಲಿ ಐದಕ್ಕೆ ಐದೂ ಸೀಟು ಡಬ್ಲ್ಯೂಐಪಿಎಂ ಪಕ್ಷಕ್ಕೇ ಹೋಗಿತ್ತು. ಎದುರು ಕೂತು ಪ್ರಶ್ನೆ ಕೇಳೋಕೆ ಇನ್ನೊಂದು ಪಟ್ಟಿಯೋರು ಒಬ್ಬರೂ ಇರಲಿಲ್ಲ. ದ್ವೀಪದ ಗವರ್ನರನ್ನಂತೂ ನೇಮಿಸೋದು ಡಚ್ ಅರಮನೆ ಹೆಸರಲ್ಲಿ. ದಿನದ ಆಡಳಿತ ನೋಡೋ ಕಮಿಷನರ್‌ಗಳನ್ನ ಆರಿಸೋದು ಈ ಐವರೇ.

ಹಾಸನದವಳು

ಹಾಕಿ ಬಂದೆ! ಇಲ್ಲಿ ಬಟನ್ ಇಲ್ಲ, ಹಾಸಿಗೆ ಹೊದಿಕೆಯಂಥ ಚೀಟಿ, ಹೆಸರಿನ ಮುಂದಿನ ಸೊನ್ನೆಗೆ ಕೆಂಪು ಪೆನ್ಸಿಲಲ್ಲಿ ಬಣ್ಣ ತುಂಬಬೇಕು. ಬೆರಳಿಗೆ ಶಾಯಿಯೂ ಹಚ್ಚಲ್ಲ. ಫೋಟೋ ತೆಗೆದು ಅಮ್ಮನಿಗೆ ಕಳಿಸೋಣ ಅಂದುಕೊಂಡಿದ್ದೆ, ಅದೊಂದು ಬೇಜಾರು.

ಯಾರಿಗೆ ಅಂತ ಕೇಳಬೇಡಿ. ಸಂಜೆ ಅಂಗಡಿಗೆ ಹೋದರೆ ಆಯಮ್ಮ ಓಟಿನ ಸುದ್ದಿಯೇ ಎತ್ತಲಿಲ್ಲ. ಕೊತ್ತಂಬರಿ ಕೊಟ್ಟರು. ಜೊತೆಗೆ ನಾನು ಕೇಳದೇ ಇದ್ದ ಪುದೀನಾನೂ ಒಂದು ಕಟ್ಟು ಹಾಕಿದರು. ಮೆಂಬರ್ ಸಾಹೇಬರೇ, ಇದಕ್ಕೇನು ಅರ್ಥ?