ವಚನ ರೆಕಾರ್ಡಿಂಗ್: ಮೈಕ್ ಬದಲಿಸಬೇಕೋ, ಖೋಲಿ ಸರಿ ಮಾಡಬೇಕೋ?

ಹಾಡುವಾಕಿ, ವಿಜಯಪುರ:
ಮನಿಯಾಗ ವಚನ, ದಾಸರ ಪದ ಹಾಡಿ ರೆಕಾರ್ಡ್ ಮಾಡ್ತೀನ್ರಿ. ಯುಎಸ್‌ಬಿ ಕಂಡೆನ್ಸರ್ ಮೈಕ್, ಲ್ಯಾಪ್‌ಟಾಪ್‌ನಾಗ ಆಡಾಸಿಟಿ (ರೆಕಾರ್ಡ್ ಮಾಡೋ ಸಾಫ್ಟ್‌ವೇರ್). ಖೋಲಿ 10×12 ಅಡಿ, ನೆಲಕ್ಕ ಫರಸಿ, ಗ್ವಾಡಿಗೆ ಏನೂ ಇಲ್ಲ. ದನಿ ಬಾವಿಯೊಳಗಿಂದ ಬಂದಂಗ ಕೇಳಸ್ತದ. ತಾರಕ್ಕ ಏರಿದ್ರ ಒಡೀತದ. ‘ಪ’, ‘ಭ’ ಬಂದಲ್ಲಿ ಧಪ್ ಅಂತದ. ತುಟ್ಟಿ ಮೈಕ್ ತಗೋಬೇಕೇನ್ರಿ?

ಬಾಗಲಕೋಟಿ ಧ್ವನಿ:
ಅಕ್ಕಾರ, ಮೈಕಿಗೆ ರೊಕ್ಕ ಹಾಕಬ್ಯಾಡ್ರಿ. ಇನ್ನೂ ಚುರುಕು ಮೈಕ್ ತಂದ್ರ ಖೋಲಿ ದನೀನೂ ಅಷ್ಟ ಚುರುಕಾಗಿ ಹಿಡೀತೈತಿ. ಬಾವಿ ದನಿ ಅನ್ನೋದು ಫರಸಿ, ಗ್ವಾಡಿಗೆ ಬಡದು ತಿರುಗಿ ಬರೋ ನಿಮ್ಮ ದನೀನ. ಕಾರ್ಡಿಯಾಯ್ಡ್ ಮೈಕಿಗೆ ಮುಂದಿಂದು ಚಲೋ ಕೇಳತೈತಿ, ಹಿಂದಿಂದು ಕಡಿಮಿ. ಅದರ ಮುಂದ ಇರೋದು ನಿಮ್ಮ ಬಾಯಿ, ಅದರಾಚೆ ನಿಮ್ಮ ಬೆನ್ನ ಹಿಂದಿನ ಗ್ವಾಡಿ. ಹಿಂಗಾಗಿ ಕೌದಿ ಮೊದಲು ನಿಮ್ಮ ಬೆನ್ನ ಹಿಂದ ಕಟ್ರಿ. ಭಾಳ ಮಂದಿ ಮೈಕಿನ ಹಿಂದ ಕಟ್ಟಿ ತಪ್ತಾರ. ಎರಡು ದಪ್ಪ ಕೌದಿ ಹಗ್ಗಕ್ಕ ಹಾಕಿ, ಗ್ವಾಡಿಗೂ ಕೌದಿಗೂ ನಾಕು ಬಟ್ಟು ಸಂದು ಬಿಡ್ರಿ, ಗ್ವಾಡಿಗೆ ಅಂಟಿಸಿದ್ದಕ್ಕಿಂತ ಹೆಚ್ಚು ಹೀರತಾವ. ಎಡಕ್ಕ, ಬಲಕ್ಕ ಒಂದೊಂದು, ನೆಲಕ್ಕ ಜಮಖಾನಿ. ಖೋಲಿ ನಟ್ಟನಡುವ ಅಥವಾ ಮೂಲ್ಯಾಗ ನಿಲ್ಲಬ್ಯಾಡ್ರಿ. ನಿಂತಲ್ಲೇ ಒಂದು ಚಪ್ಪಾಳಿ ಹೊಡೀರಿ. ಝಣ್ ಅಂತ ಉಳದ್ರ ಇನ್ನೊಂದು ಕೌದಿ ಬೇಕು. ತತ್ತಿ ಟ್ರೇ ಹಚ್ಚೋದು ದಂಡ, ಅದು ತೆಳು ರಟ್ಟು.

ಬೆಳಗಾವಿ ಮಿಕ್ಸರ್:
ದನಿ ಒಡೆಯೋದು ಗೇನ್ (ಮೈಕ್ ದನಿ ಎಷ್ಟು ಜೋರಾಗಿ ಹಿಡೀಬೇಕನ್ನೋ ಮಟ್ಟ) ತಪ್ಪು. ಹಾಡಿನ ಎಲ್ಲಕ್ಕಿಂತ ಏರು ಸಾಲು ಪೂರಾ ದನಿಲೆ ಹಾಡಿ, ಮೀಟರ್ −12ರಿಂದ −6 ಡಿಬಿ ನಡುವ ನಿಲ್ಲುವಂಗ ಗೇನ್ ಇಳಸ್ರಿ. 0 ಮುಟ್ಟಿದ್ರ ತರಂಗದ ತುದಿ ಕತ್ತರಿಸಿ ಹೋಗತೈತಿ, ಆಮ್ಯಾಲೆ ವಾಲ್ಯೂಮ್ ಇಳಿಸಿದ್ರ ತಿರುಗಿ ಬರಂಗಿಲ್ಲ.

ಬಾಯಿಂದ ಮೈಕಿಗೆ ಒಂದು ಗೇಣು. ತಾರ ಷಡ್ಜಕ್ಕ ಅರ್ಧ ಗೇಣು ಹಿಂದ ಸರೀರಿ. ನಿಂತ ಮೈಕಿನ ಬಾಯಿ ಬಹುತೇಕ ನೆತ್ತಿಮ್ಯಾಲೆ ಇರಂಗಿಲ್ಲ, ಮಗ್ಗಲಿಗೆ ಇರತೈತಿ, ಅದನ್ನ ನೋಡ್ಕೋರಿ. ‘ಧಪ್’ ಉಸಿರಿನ ಗಾಳಿ. ಗಾಳಿ ನೆಟ್ಟಗ ಹೋಗತೈತಿ, ದನಿ ಸುತ್ತಲೂ ಹರಡತೈತಿ. ಮೈಕನ್ನ ಮೂಗಿನ ಮಟ್ಟಕ್ಕ ಏರಿಸಿ ಬಾಯಿ ಕಡೆ ಸ್ವಲ್ಪ ಬಗ್ಗಿಸಿದ್ರ ಗಾಳಿ ಕೆಳಗ ಹಾದು ಹೋಗತೈತಿ. ಪಾಪ್ ಫಿಲ್ಟರ್ (ಉಸಿರಿನ ಗಾಳಿ ತಡಿಯೋ ಜಾಳಿಗಿ) ಇಲ್ಲಂದ್ರ ಕಸೂತಿ ಹಾಕೋ ರಿಂಗಿಗೆ ನೈಲಾನ್ ಸಾಕ್ಸ್ ಬಿಗೀರಿ, ಮೈಕಿಂದ ನಾಕು ಬಟ್ಟು ದೂರ. ದಪ್ಪ ಅರಿವಿ ಬ್ಯಾಡ, ‘ಸ’, ‘ಶ’ ಮಂಕಾಗ್ತಾವ.

ಹಾಡುವಾಕಿ, ವಿಜಯಪುರ:
ತಿಳೀತ್ರಿ. ತಂಬೂರಿ, ತಾಳ ಲ್ಯಾಪ್‌ಟಾಪ್‌ದಿಂದ ಬ್ಲೂಟೂತ್‌ನಾಗ ಕೇಳಿ ಹಾಡ್ತೀನಿ, ರೆಕಾರ್ಡ್ ಆದಮ್ಯಾಲೆ ದನಿ ತಾಳದ ಹಿಂದ ಬೀಳ್ತದಲ್ರಿ?

ಬೆಳಗಾವಿ ಮಿಕ್ಸರ್:
ಬ್ಲೂಟೂತ್ ದನಿ ತಡಾ ಮುಟ್ಟತೈತಿ ಅಕ್ಕಾರ. ವೈರಿನ, ಕಿವಿ ಪೂರಾ ಮುಚ್ಚೋ ಹೆಡ್‌ಫೋನ್ ಹಾಕ್ರಿ. ಮೈಕಿಗೇ ಹೆಡ್‌ಫೋನ್ ತೂತು ಇದ್ರ ಅಲ್ಲೇ ಚುಚ್ಚರಿ. ಹಾಡೋಕಿಂತ ಮೊದಲು ಫ್ಯಾನ್ ಬಂದ್ ಮಾಡಿ, ಐದು ಸೆಕೆಂಡ್ ಸುಮ್ಮ ರೆಕಾರ್ಡ್ ಆಗ್ಲಿ. ಹಿನ್ನೆಲಿ ಸದ್ದು ತೆಗಿಯೋ ನಾಯ್ಸ್ ರಿಡಕ್ಷನ್‌ಗೆ ಆ ತುಣುಕು ಬೇಕು. ಆಮ್ಯಾಲೆ 80 ಹರ್ಟ್ಜ್ ಹೈ-ಪಾಸ್ (ಅದಕ್ಕಿಂತ ಕೆಳಗಿನ ಗುಡುಗುಡು ಸದ್ದು ತೆಗೀತೈತಿ), 3:1 ಕಂಪ್ರೆಸರ್ (ಜೋರು, ಸಣ್ಣ ದನಿ ನಡುವಿನ ಅಂತರ ತಗ್ಗಸತೈತಿ). ರಿವರ್ಬ್ (ದನಿಗೆ ಕೂಡಿಸೋ ಗುಂಗು) ಎಲ್ಲಕ್ಕಿಂತ ಕಡೀಕ, ವಚನದ ಅಕ್ಷರ ಮಸಕಾಗದಷ್ಟು.