ಎರಡು ವರ್ಷ ತುಂಬಿದರೂ ಮಗನಿಗೆ ಮಾತಿಲ್ಲ, ಕಾಯಬಹುದೇ?

ಎಡಿಸನ್, ನ್ಯೂಜೆರ್ಸಿ: ಎಲ್ಲರಿಗೂ ನಮಸ್ಕಾರ. ನಮ್ಮ ಮಗನಿಗೆ ಎರಡು ವರ್ಷ ಎರಡು ತಿಂಗಳಾಗಿದ್ದು, ‘ಮಮ್ಮು’, ‘ನೀಯು’, ‘ಟಾಟಾ’ ಎಂಬಂತಹ ಏಳೆಂಟು ಪದಗಳ ಹೊರತು ಮಾತಿಲ್ಲ. ಬಿಸ್ಕತ್ತು ಬೇಕಾದರೆ ನನ್ನ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ಯುತ್ತಾನೆ. ‘ಶೂ ತಾ’ ಎಂದರೆ ತಂದುಕೊಡುತ್ತಾನೆ. ಎರಡು ಭಾಷೆಗಳಿಂದ ಗೊಂದಲವಾಗಿದೆ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಎನ್ನುತ್ತಾರೆ ಡೇಕೇರ್‌ನವರು.

ಡಲ್ಲಾಸ್: ಗಂಡುಮಕ್ಕಳಿಗೆ ಮಾತು ಬರುವುದೇ ತಡ, ಗಾಬರಿಯಾಗಬೇಡಿ. ನಮ್ಮವನೂ ಮೂರು ತುಂಬುವವರೆಗೆ ಬಾಯಿ ಬಿಟ್ಟಿರಲಿಲ್ಲ. ಅತ್ತೆಯವರು ಊರಿನಿಂದ ಬಂದು ಬಜೆ ತೇಯ್ದು ನಾಲಿಗೆಗೆ ಸವರಿದರು. ಈಗ ಶಾಲೆಯ ಚರ್ಚಾಸ್ಪರ್ಧೆಗಳಲ್ಲೆಲ್ಲ ಅವನದೇ ಬಹುಮಾನ.

ಬಾಸ್ಟನ್ (ವಾಕ್ ಚಿಕಿತ್ಸಕಿ): ದಯವಿಟ್ಟು ಕಾಯಬೇಡಿ. ಎರಡು ಭಾಷೆ ಕೇಳುವುದರಿಂದ ಮಾತು ಹಿಂದುಳಿಯುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯವನ್ನು ಕೂಡಿಸಬೇಕು. ಹಾಗೆ ಕೂಡಿಸಿದ ಮೇಲೂ ಈ ವಯಸ್ಸಿನಲ್ಲಿ ‘ಅಮ್ಮ ಬಾ’ ಎಂದು ಎರಡು ಪದ ಜೋಡಿಸದಿದ್ದರೆ ತಪಾಸಣೆ ಬೇಕು. ಅರ್ಥವಾಗುತ್ತಿರುವುದು ಒಳ್ಳೆಯ ಲಕ್ಷಣವೇ, ಆದರೆ ‘ಶೂ ತಾ’ ಎನ್ನುವಾಗ ನೀವು ಬೆರಳು ತೋರಿಸುತ್ತೀರಾ, ನೋಡಿಕೊಳ್ಳಿ. ಹೆಸರು ಕರೆದರೆ ತಿರುಗುತ್ತಾನೆಯೇ? ಆಕಾಶದಲ್ಲಿ ವಿಮಾನ ಕಂಡರೆ ನಿಮಗೂ ತೋರಿಸುತ್ತಾನೆಯೇ? ಹುಟ್ಟಿದಾಗಿನ ಶ್ರವಣ ಪರೀಕ್ಷೆ ಸರಿಯಿದ್ದರೂ ಮತ್ತೊಮ್ಮೆ ಮಾಡಿಸಿ, ಏಕೆಂದರೆ ಸೋಂಕಿನಿಂದ ಕಿವಿಯೊಳಗೆ ದ್ರವ ನಿಂತರೆ ಕೇಳಿಸುವುದು ಮಂದವಾಗುತ್ತದೆ. ಮೂರು ವರ್ಷದೊಳಗಿನವರಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅರ್ಲಿ ಇಂಟರ್ವೆನ್ಷನ್ ಸೇವೆಯಿದೆ, ಅಂದರೆ ಬೆಳವಣಿಗೆಯಲ್ಲಿ ಹಿಂದುಳಿದ ಪುಟ್ಟ ಮಕ್ಕಳಿಗೆ ಬೇಗನೆ ನೆರವು ಕೊಡುವ ಸರ್ಕಾರಿ ವ್ಯವಸ್ಥೆ. ವೈದ್ಯರ ಚೀಟಿಯಿಲ್ಲದೆ ನೀವೇ ಕರೆ ಮಾಡಬಹುದು, ಮೌಲ್ಯಮಾಪನಕ್ಕೆ ಶುಲ್ಕವಿಲ್ಲ, 45 ದಿನಗಳೊಳಗೆ ಅದು ನಡೆಯಬೇಕು. ಮೂರು ತುಂಬಿತೆಂದರೆ ಹೊಣೆ ಶಾಲಾ ಡಿಸ್ಟ್ರಿಕ್ಟ್‌ಗೆ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತಕ್ಕೆ) ಹೋಗುತ್ತದೆ.

ಫ್ರೀಮಾಂಟ್: ಯಾರೋ ಹೇಳಿದರೆಂದು ಕನ್ನಡ ಬಿಡುವುದೇ? ಮೊದಲು ಆ ಡೇಕೇರ್ ಬಿಡಿಸಿ. ಮಗುವಿನ ಕೈಗೆ ಐಪ್ಯಾಡ್ ಕೊಟ್ಟು, ಗಂಡ ಹೆಂಡತಿ ಇಂಗ್ಲಿಷಿನಲ್ಲೇ ಮಾತಾಡಿಕೊಂಡು, ಆಮೇಲೆ ಮಗುವಿಗೆ ಮಾತಿಲ್ಲವೆಂದು ಕೊರಗುವ ಮನೆಗಳನ್ನು ಇಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಟೊರಾಂಟೊ: ನಿಜ ಸಾರ್. ನಮ್ಮ ಮಗಳು ಅಜ್ಜಿಯ ಫೋನ್ ಬಂದರೆ ‘ಹಾಯ್’ ಎಂದು ಹೇಳಿ ನನ್ನ ಕೈಗೆ ಕೊಟ್ಟುಬಿಡುತ್ತಾಳೆ.

ಫ್ರೀಮಾಂಟ್: ಅದಕ್ಕೇ ಭಾನುವಾರದ ಕನ್ನಡ ತರಗತಿಗೆ ಸೇರಿಸಿ ಎಂದು ಎಲ್ಲರಿಗೂ ಹೇಳುತ್ತಿರುವುದು, ಹಬ್ಬದ ಊಟಕ್ಕೆ ಬರುವವರು ತರಗತಿಗೆ ಬರುವುದಿಲ್ಲ.

ಎಡಿಸನ್: ವಿಮಾನ ತೋರಿಸುತ್ತಾನೆ, ಹೆಸರಿಗೆ ಒಮ್ಮೊಮ್ಮೆ ತಿರುಗುವುದಿಲ್ಲ. ಚಳಿಗಾಲದಲ್ಲಿ ಕಿವಿ ಸೋರಿತ್ತು. ಮೌಲ್ಯಮಾಪನ ಕನ್ನಡದಲ್ಲಿ ನಡೆಯುವುದೇ?

ಬಾಸ್ಟನ್: ಸಾಧ್ಯವಾದಲ್ಲೆಲ್ಲ ಮಗುವಿನ ಮನೆಮಾತಿನಲ್ಲೇ ನಡೆಸಬೇಕೆಂಬುದು ನಿಯಮ, ಕರೆ ಮಾಡಿದಾಗಲೇ ಕನ್ನಡ ದುಭಾಷಿ ಬೇಕೆಂದು ಬರೆಸಿ. ಕಿವಿ ಸೋರಿದ್ದನ್ನು ಮರೆಯದೆ ಹೇಳಿ, ಶ್ರವಣ ಪರೀಕ್ಷೆಯೇ ಮೊದಲಾಗಲಿ. ಬಜೆ ಬೇಡ, ಆಹಾರದಲ್ಲಿ ಅದರ ಬಳಕೆಯನ್ನು ಈ ದೇಶದಲ್ಲಿ 1968ರಲ್ಲೇ ನಿಷೇಧಿಸಿದ್ದಾರೆ.