ಬಟ್ಟೆ ಡಯಾಪರ್ ಶುರು ಮಾಡೋದು ಹೇಗೆ? ಬಳಸಿ ಬಲ್ಲವರು ಹೇಳಿ

ಹೊಸ ಅಮ್ಮ:
ಹೆರಿಗೆಗೆ ಇನ್ನು ಐದು ವಾರ ಇದೆ. ಮಗುವಿಗೆ ಮೊದಲಿನಿಂದಲೇ ಬಟ್ಟೆ ಡಯಾಪರ್ ಹಾಕೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಆದರೆ ಪಾಕೆಟ್, ಆಲ್ ಇನ್ ಒನ್, ಪ್ರೀಫೋಲ್ಡ್, ಬರೀ ಚೌಕದ ಬಟ್ಟೆ ಅಂತ ನೋಡಿದಷ್ಟೂ ಗೊಂದಲ ಜಾಸ್ತಿಯಾಗುತ್ತಿದೆ. ಎಷ್ಟು ಬೇಕಾಗುತ್ತದೆ, ಯಾವುದರಿಂದ ಶುರು ಮಾಡಬೇಕು, ಒಗೆಯೋದು ಹೇಗೆ? ವಾಷಿಂಗ್ ಮಷೀನ್ ಇದೆ, ನೀರು ಸ್ವಲ್ಪ ಗಡಸು. ದಯವಿಟ್ಟು ವಿವರವಾಗಿ ತಿಳಿಸಿ.

ಅವಳಿ ಮಕ್ಕಳ ಅಮ್ಮ:
ಎಲ್ಲಕ್ಕಿಂತ ಮೊದಲು, ಒಂದೇ ಬಗೆಯದನ್ನು ಎರಡು ಡಜನ್ ಈಗಲೇ ತಂದಿಡಬೇಡಿ. ಮಗುವಿನ ತೊಡೆ ಸಣ್ಣದೋ ದಪ್ಪವೋ ಅನ್ನೋದು ಹುಟ್ಟಿದ ಮೇಲೇ ಗೊತ್ತಾಗೋದು. ಒಂದು ಮಗುವಿಗೆ ಅಚ್ಚುಕಟ್ಟಾಗಿ ಕೂತದ್ದು ಇನ್ನೊಂದಕ್ಕೆ ಎರಡೂ ಕಡೆ ಸೋರುತ್ತದೆ.

ಹಸುಗೂಸಿಗೆ ದಿನಕ್ಕೆ 10ರಿಂದ 12 ಸಲ ಬದಲಿಸಬೇಕು. ದಿನ ಬಿಟ್ಟು ದಿನ ಒಗೆದರೆ ಎರಡು ದಿನಕ್ಕೆ 24, ಒಗೆದದ್ದು ಒಣಗುವ ತನಕ ಹಾಕೋಕೆ ಇನ್ನೊಂದು ನಾಲ್ಕಾರು. ದಿನಾ ಒಗೆಯೋದಾದರೆ 15–16ರಲ್ಲಿ ನಡೆಯುತ್ತದೆ. ಮಗು ಬೆಳೆದ ಹಾಗೆ ಬದಲಿಸೋದು ದಿನಕ್ಕೆ 6–8ಕ್ಕೆ ಇಳಿಯುತ್ತದೆ, ಆಗ ಇದ್ದದ್ದೇ ಹೆಚ್ಚಾಗುತ್ತದೆ.

ಬಗೆಗಳನ್ನು ಹೀಗೆ ಅರ್ಥ ಮಾಡಿಕೊಳ್ಳಿ. ಯಾವ ಡಯಾಪರ್ ಆದರೂ ಎರಡೇ ಕೆಲಸ: ಹೀರೋದು, ಹೊರಗೆ ಬಿಡದೆ ತಡೆಯೋದು. ಚೌಕದ ಬಟ್ಟೆ, ನಡುವೆ ಪದರ ಹೆಚ್ಚಿಟ್ಟು ಹೊಲಿದ ಪ್ರೀಫೋಲ್ಡ್ ಇವು ಹೀರುತ್ತವೆ ಅಷ್ಟೆ, ಮೇಲೆ ಬೇರೆ ಕವರ್ ಬೇಕು. ಪಾಕೆಟ್‌ನಲ್ಲಿ ಕವರ್‌ಗೇ ಒಳಪದರ ಹೊಲಿದಿರುತ್ತದೆ, ಅದರೊಳಗೆ ಇನ್ಸರ್ಟ್, ಅಂದರೆ ಹೀರುವ ಬಟ್ಟೆಯ ಪಟ್ಟಿ, ತೂರಿಸಬೇಕು. ಆಲ್ ಇನ್ ಒನ್‌ನಲ್ಲಿ ಎಲ್ಲ ಸೇರಿಸಿ ಹೊಲಿದಿರುತ್ತಾರೆ. ಹಾಕೋದು ಸುಲಭ, ಒಣಗೋದು ಬಹಳ ನಿಧಾನ. ಮೋಡ ಮುಚ್ಚಿದ ದಿನಗಳಲ್ಲಿ ಒಗೆದದ್ದು ಮರುದಿನಕ್ಕೂ ಒಳಗೆ ತಣ್ಣಗೇ ಇರುತ್ತದೆ.

"ಒನ್ ಸೈಜ್" ಅಂತ ಮಾರೋದನ್ನು ಹುಟ್ಟಿದ ದಿನದಿಂದಲೇ ನಂಬಬೇಡಿ. ಚೀಟಿಯಲ್ಲಿ 3 ಕೆ.ಜಿ. ಅಂತ ಇದ್ದರೂ ಹೆಚ್ಚಿನವು ಮಗು 4 ಕೆ.ಜಿ. ಆಸುಪಾಸು ತಲುಪಿದ ಮೇಲೇ ತೊಡೆಗೆ ಸರಿಯಾಗಿ ಕೂರೋದು. ಅಲ್ಲಿಯ ತನಕ ಚೌಕದ ಬಟ್ಟೆ ಮತ್ತು ನ್ಯೂಬಾರ್ನ್ ಕವರ್ ಒಳ್ಳೆಯದು. ಶುರುವಿಗೆ 24 ಚೌಕದ ಬಟ್ಟೆ, 5 ನ್ಯೂಬಾರ್ನ್ ಕವರ್, ಬಟ್ಟೆ ಹಿಡಿದಿಡೋಕೆ ಟಿ ಆಕಾರದ ಕ್ಲಿಪ್ 2–3, ಒದ್ದೆ ಹಾಕೋ ಚೀಲ 2. ಇದರ ಜತೆಗೆ ಬೇರೆ ಬೇರೆ ಕಂಪನಿಯ ಪಾಕೆಟ್ ಮೂರು ತಂದಿಟ್ಟುಕೊಳ್ಳಿ, ಎರಡನೇ ತಿಂಗಳಲ್ಲಿ ಹಾಕಿ ನೋಡಿ, ಸರಿ ಕೂತದ್ದನ್ನೇ ಆಮೇಲೆ ಹೆಚ್ಚು ಕೊಳ್ಳಿ.

ಬರೀ ಉಚ್ಚೆಯಾದರೆ ಕವರ್ ಒರೆಸಿ ಗಾಳಿಗೆ ಹಾಕಿ, ಸರದಿಯಲ್ಲಿ ಎರಡು ಮೂರು ಸಲ ಬಳಸಬಹುದು. ಕಕ್ಕ ತಾಗಿದರೆ ಒಗೆಯಲೇಬೇಕು.

ವೆಲ್ಕ್ರೋ ಬೇಕೋ ಟಿಚ್ ಬಟನ್ ಬೇಕೋ ಅಂದರೆ, ಮೊದಲೆರಡು ತಿಂಗಳಿಗೆ ವೆಲ್ಕ್ರೋ. ಸಣ್ಣ ಸೊಂಟಕ್ಕೆ ಎಷ್ಟು ಬೇಕೋ ಅಷ್ಟಕ್ಕೇ ನಿಲ್ಲಿಸಬಹುದು. ಆಮೇಲೆ ಬಟನ್ನೇ ಬಾಳಿಕೆ. ಕೈ ಬಲಿತ ಮಗು ವೆಲ್ಕ್ರೋ ಕಿತ್ತುಹಾಕುತ್ತದೆ.

ಡಯಾಪರ್ ಹೊಲಿಯುವವರು:
ಮೇಲಿನವರು ಹೇಳಿದ್ದು ಸರಿ. ನಾನು ಬಟ್ಟೆಯ ವಿಷಯ ಹೇಳುತ್ತೇನೆ.

ಮೈಕ್ರೋಫೈಬರ್ ಬೇಗ ಹೀರುತ್ತದೆ, ಆದರೆ ಸ್ಪಂಜಿನ ಹಾಗೆ ಒತ್ತಿದರೆ ವಾಪಸ್ ಬಿಡುತ್ತದೆ. ಅದನ್ನು ಮಗುವಿನ ಚರ್ಮಕ್ಕೆ ನೇರವಾಗಿ ತಾಗಿಸಲೇಬಾರದು, ಚರ್ಮದ ಪಸೆಯನ್ನೂ ಹೀರಿ ಒರಟು ಮಾಡುತ್ತದೆ. ಪಾಕೆಟ್ ಒಳಗೆ ಮಾತ್ರ ಇರಲಿ. ಹತ್ತಿ ನಂಬಿಕಸ್ಥ. ಬಿದಿರಿನ ಬಟ್ಟೆ ಹತ್ತಿಗಿಂತ ಹೆಚ್ಚು ಹಿಡಿಯುತ್ತದೆ, ಒಣಗೋಕೆ ತಡ. ಸೆಣಬಿನಂತಿರುವ ಹೆಂಪ್ ನಿಧಾನಕ್ಕೆ ಹೀರಿದರೂ ತೆಳುವಾಗಿದ್ದೇ ಬಹಳ ಹಿಡಿಯುತ್ತದೆ, ಒತ್ತಿದರೂ ಬಿಡುವುದಿಲ್ಲ.

ಹೊಸ ಹತ್ತಿ, ಹೆಂಪ್ ಬಟ್ಟೆಯನ್ನು ತಂದ ಹಾಗೇ ಹಾಕಿದರೆ ಉಚ್ಚೆ ಮೇಲಿಂದಲೇ ಜಾರಿಹೋಗುತ್ತದೆ. ನೂಲಿನಲ್ಲಿ ಸಹಜವಾದ ಎಣ್ಣೆ, ಮೇಣದಂಥ ಅಂಶ ಇರುತ್ತದೆ. ಬಿಳುಪು ಮಾಡದ ಹತ್ತಿಯಾದರೆ ಡಿಟರ್ಜೆಂಟ್ ಹಾಕಿ ಬಿಸಿನೀರಿನಲ್ಲಿ 5–6 ಸಲ ಒಗೆದು ಒಣಗಿಸಿ. ಈ ಮೊದಲ ಒಗೆತಗಳಲ್ಲಿ ಬೇರೆ ಬಟ್ಟೆ ಜತೆ ಹಾಕಬೇಡಿ, ಎಣ್ಣೆ ಅಲ್ಲಿಗೆ ಹತ್ತುತ್ತದೆ. ಮೈಕ್ರೋಫೈಬರ್‌ಗೆ ಒಂದೇ ಸಲ ಸಾಕು. ತಯಾರಾಯಿತೋ ಇಲ್ಲವೋ ನೋಡೋಕೆ ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಡಿ. ತಟ್ಟನೆ ಇಂಗಿದರೆ ಸರಿ, ಮುತ್ತಿನ ಹಾಗೆ ಮೇಲೇ ನಿಂತರೆ ಇನ್ನೊಂದೆರಡು ಒಗೆತ ಬೇಕು. ಐದು ವಾರ ಇದೆಯಲ್ಲ, ಈ ಕೆಲಸ ಈಗಲೇ ಮುಗಿಸಿಬಿಡಿ.

ಚೌಕದ ಬಟ್ಟೆ ಮೊದಲ ತಿಂಗಳಿಗೆ 60 ಸೆಂ.ಮೀ., ಆಮೇಲೆ 70 ಸೆಂ.ಮೀ. ಇರಲಿ. ಮಡಿಕೆಗಳು ಹತ್ತಾರಿವೆ, ಒಂದನ್ನು ಕೈಗೆ ಕೂರಿಸಿಕೊಂಡರೆ ಸಾಕು. ಬಟ್ಟೆಯನ್ನು ಕೆಳಗಿನಿಂದ ಮೇಲಕ್ಕೆ ಅರ್ಧ ಮಡಿಸಿ, ಮತ್ತೆ ಎಡದಿಂದ ಬಲಕ್ಕೆ ಅರ್ಧ. ಬಿಡಿ ಮೂಲೆಗಳು ನಾಲ್ಕೂ ಬಲಗಡೆ ಮೇಲ್ತುದಿಗೆ ಬಂದಿರುತ್ತವೆ. ಎಲ್ಲಕ್ಕಿಂತ ಮೇಲಿನ ಒಂದೇ ಮೂಲೆ ಹಿಡಿದು ಎಡಕ್ಕೆ ಎಳೆದು ಹರಡಿ, ತಲೆಕೆಳಗಾದ ತ್ರಿಕೋನ ಬರುತ್ತದೆ. ಈಗ ಇಡೀ ಬಟ್ಟೆಯನ್ನು ಪುಸ್ತಕದ ಹಾಳೆ ತಿರುವಿದ ಹಾಗೆ ಮಗುಚಿ. ಎಡಗಡೆ ಒಂದು ಚೌಕ ಕಾಣುತ್ತದೆ. ಅದರ ಹೊರ ಅಂಚನ್ನು ಎರಡೂ ಪದರ ಸೇರಿಸಿ ನಡುಭಾಗದ ಕಡೆಗೆ ಎರಡು ಮೂರು ಸಲ ಮಡಿಸುತ್ತಾ ತನ್ನಿ, ನಡುವೆ ಉದ್ದಕ್ಕೆ ದಪ್ಪ ಪಟ್ಟಿಯಾಗುತ್ತದೆ. ಮಗುವಿನ ಸೊಂಟ ಮೇಲಿನ ಅಂಚಿಗೆ ಬರುವ ಹಾಗೆ ಮಲಗಿಸಿ, ಪಟ್ಟಿಯನ್ನು ಕಾಲ ನಡುವಿಂದ ಮೇಲಕ್ಕೆ ತಂದು, ಎರಡು ರೆಕ್ಕೆಗಳನ್ನು ಮುಂದಕ್ಕೆಳೆದು ಕ್ಲಿಪ್ ಹಾಕಿ. ಪಿನ್ ಬಳಸಿದರೆ ನಿಮ್ಮ ಎರಡು ಬೆರಳು ಬಟ್ಟೆಗೂ ಮಗುವಿನ ಹೊಟ್ಟೆಗೂ ನಡುವೆ ಇರಲೇಬೇಕು.

ಸೋರಿಕೆಗೆ ಹತ್ತರಲ್ಲಿ ಎಂಟು ಸಲ ಕಾರಣ ಹಾಕಿದ ರೀತಿ. ಕಾಲಿನ ಎಲಾಸ್ಟಿಕ್ ತೊಡೆಯ ಮೇಲಲ್ಲ, ಚಡ್ಡಿಯ ಅಂಚಿನ ಹಾಗೆ ತೊಡೆಸಂದಿಯೊಳಗೆ ಕೂರಬೇಕು. ಸೊಂಟದಲ್ಲಿ ಎರಡು ಬೆರಳು ಹೋಗುವಷ್ಟು ಸಡಿಲ. ಕವರ್ ಹಾಕಿದ ಮೇಲೆ ಅಂಚಿನ ಸುತ್ತ ಬೆರಳಾಡಿಸಿ, ಒಳಗಿನ ಬಟ್ಟೆಯ ಒಂದು ತುದಿ ಇಣುಕಿದರೂ ಸಾಕು, ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅಲ್ಲಿಂದ ಅಂಗಿಗೆ ಒದ್ದೆ ಹತ್ತುತ್ತದೆ. ತೊಡೆಯ ಪಕ್ಕದಲ್ಲಿ ಸೋರಿದರೆ ಎಲಾಸ್ಟಿಕ್ ಸಡಿಲ ಅಥವಾ ಸೈಜ್ ದೊಡ್ಡದು. ಮುಂದೆ ಹೊಟ್ಟೆಯ ಹತ್ತಿರ ಸೋರಿದರೆ ಬಟ್ಟೆಯ ದಪ್ಪ ಹಿಂದೆ ಹೋಗಿದೆ. ಗಂಡುಮಗುವಿಗೆ ದಪ್ಪ ಮುಂಭಾಗದಲ್ಲಿ, ಹೆಣ್ಣುಮಗುವಿಗೆ ನಡುವೆ ಬರಬೇಕು. ಡಯಾಪರ್ ತೆಗೆದಾಗ ಒಳಗಿನ ಬಟ್ಟೆ ಅರ್ಧ ಒಣಗಿಯೇ ಇದ್ದು ಹೊರಗೆ ಒದ್ದೆಯಾಗಿದ್ದರೆ ಬಟ್ಟೆ ಹೀರುತ್ತಿಲ್ಲ ಅಥವಾ ಸಂದಿ ಬಿಟ್ಟಿದೆ. ಪೂರ್ತಿ ನೆನೆದು ಸೋರಿದ್ದರೆ ಮಾತ್ರ ಇನ್ನೊಂದು ಪದರ ಸೇರಿಸಿ.

ಮಕ್ಕಳ ವಾರ್ಡಿನ ನರ್ಸ್:
ಮೊದಲ ಎರಡು ಮೂರು ದಿನದ ಕಕ್ಕ ಕಪ್ಪು ಡಾಂಬರಿನಂತೆ ಅಂಟುತ್ತದೆ. ಬಟ್ಟೆಯ ಮೇಲೆ ತೆಳುವಾದ ಹಳೆ ಹತ್ತಿಬಟ್ಟೆಯ ತುಂಡನ್ನು ಲೈನರ್ ಹಾಗೆ ಹಾಕಿ, ಅಂಟಿದ್ದು ಅದರ ಜತೆಗೇ ಹೋಗುತ್ತದೆ. ಹೊಕ್ಕುಳಬಳ್ಳಿ ಬೀಳುವ ತನಕ, ಅಂದರೆ ಸಾಮಾನ್ಯವಾಗಿ ಒಂದೆರಡು ವಾರ, ಡಯಾಪರ್‌ನ ಮುಂಭಾಗವನ್ನು ಹೊರಕ್ಕೆ ಮಡಚಿ ಹೊಕ್ಕುಳಿನ ಕೆಳಗೇ ನಿಲ್ಲಿಸಿ. ಅಲ್ಲಿ ಗಾಳಿಯಾಡಬೇಕು, ಒದ್ದೆ ತಾಗಬಾರದು.

ಹಗಲಿನಲ್ಲಿ 2–3 ಗಂಟೆಗೊಮ್ಮೆ ಬದಲಿಸಿ, ಕಕ್ಕ ಮಾಡಿದರೆ ಆ ಕ್ಷಣವೇ. ಐದನೇ ದಿನದಿಂದಾಚೆ ದಿನಕ್ಕೆ ಕನಿಷ್ಠ 6 ಸಲ ಚೆನ್ನಾಗಿ ಒದ್ದೆಯಾಗಬೇಕು, ಹಾಲು ಸಾಕಾಗುತ್ತಿದೆ ಅನ್ನೋದಕ್ಕೆ ಇದೊಂದು ಗುರುತು. ಕಡಿಮೆಯಾದರೆ ವೈದ್ಯರಿಗೆ ಹೇಳಿ. ಬಟ್ಟೆಯಲ್ಲಿ ಒದ್ದೆ ಕೈಗೇ ತಿಳಿಯುತ್ತದೆ, ಲೆಕ್ಕ ಇಡೋದು ಸುಲಭ.

ದಪ್ಪಗಿದೆ ಅಂತ ಕಾಲುಗಳನ್ನು ಜೋಡಿಸಿ ಬಿಗಿಯಾಗಿ ಸುತ್ತಬೇಡಿ. ಮಂಡಿ ಮಡಚಿ ಕಾಲು ಅಗಲಿಸಿಕೊಂಡಿರೋದೇ ಹಸುಗೂಸಿನ ಸೊಂಟದ ಕೀಲಿಗೆ ಒಳ್ಳೆಯದು.

ಕೆಂಪಾದರೆ ಬಿಸಿಯಲ್ಲದ ನೀರಿನಿಂದ ತೊಳೆದು, ಒತ್ತಿ ಒರೆಸಿ, ಸ್ವಲ್ಪ ಹೊತ್ತು ಬಯಲಿಗೆ ಬಿಡಿ. ಪೌಡರ್ ಬೇಡ, ಮಗು ಉಸಿರಿನಲ್ಲಿ ಎಳೆದುಕೊಳ್ಳುತ್ತದೆ. ಜಿಂಕ್ ಅಥವಾ ಪೆಟ್ರೋಲಿಯಂ ಜೆಲ್ಲಿ ಇರುವ ಮುಲಾಮು ಹಚ್ಚಿದರೆ ಲೈನರ್ ಹಾಕಿ, ಇಲ್ಲದಿದ್ದರೆ ಜಿಡ್ಡು ಬಟ್ಟೆಗೆ ಹತ್ತಿ ಹೀರುವ ಗುಣ ಹೋಗುತ್ತದೆ. ತೊಡೆಸಂದಿಯೊಳಗೆ ಕಡುಕೆಂಪಾಗಿ, ಸುತ್ತ ಬಿಡಿಬಿಡಿ ಕೆಂಪು ಚುಕ್ಕೆಗಳಿದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಮನೆಮದ್ದಿಗೆ ಕಾಯಬೇಡಿ, ತೋರಿಸಿ.

ಮನೆಯಲ್ಲಿ ಒಗೆಯೋ ಅಪ್ಪ:
ಬಟ್ಟೆ ಡಯಾಪರ್ ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಬಿಡೋದು ವಾಸನೆಗೆ, ವಾಸನೆ ಬರೋದು ಡಿಟರ್ಜೆಂಟ್ ಕಡಿಮೆ ಹಾಕಿದ್ದಕ್ಕೆ. "ಮಗುವಿನ ಬಟ್ಟೆ, ಒಂದು ಚಿಟಿಕೆ ಸಾಕು" ಅನ್ನೋದನ್ನು ಕೇಳಬೇಡಿ. ಇಷ್ಟು ಹೇಸಿಗೆಯಾದ ಬಟ್ಟೆ ಮನೆಯಲ್ಲಿ ಬೇರೆ ಯಾವುದೂ ಇಲ್ಲ. ತುಂಬಾ ಕೊಳೆಯಾದ ಬಟ್ಟೆಗೆ ಪ್ಯಾಕೆಟ್ ಮೇಲೆ ಹೇಳಿದಷ್ಟು ಪೂರ್ತಿ ಹಾಕಿ, ಆಮೇಲೆ ಚೆನ್ನಾಗಿ ಜಾಲಿಸಿ.

ಬರೀ ಎದೆಹಾಲು ಕುಡಿಯುವ ಮಗುವಿನ ಕಕ್ಕ ನೀರಿನಲ್ಲಿ ಕರಗುತ್ತದೆ, ಬೇಕಿದ್ದರೆ ಹಾಗೇ ಮಷೀನಿಗೆ ಹಾಕಬಹುದು. ಆಹಾರ ಶುರುವಾದ ಮೇಲೆ ಮೊದಲು ಟಾಯ್ಲೆಟ್ಟಿಗೆ ಉದುರಿಸಿ, ನೀರಿನ ರಭಸದಲ್ಲಿ ತೊಳೆದು, ಆಮೇಲೆ ಬುಟ್ಟಿಗೆ. ಬುಟ್ಟಿಯಲ್ಲಿ ನೀರು ತುಂಬಿಸಿ ನೆನೆಹಾಕಿಡಬೇಡಿ. ವಾಸನೆ ಹೆಚ್ಚುತ್ತದೆ, ಎಲಾಸ್ಟಿಕ್ ಹಾಳಾಗುತ್ತದೆ, ಅಂಬೆಗಾಲಿಡೋ ಮಗುವಿರುವ ಮನೆಯಲ್ಲಿ ನೀರಿನ ಬಕೆಟ್ ಪ್ರಾಣಕ್ಕೇ ಅಪಾಯ. ಗಾಳಿಯಾಡುವ ಬುಟ್ಟಿಯಲ್ಲಿ ಒಣದಾಗೇ ಇಡಿ, ಎರಡು ದಿನ ದಾಟಿಸಬೇಡಿ.

ಒಗೆಯುವಾಗ ಇನ್ಸರ್ಟ್‌ಗಳನ್ನು ಹೊರಗೆಳೆದು, ವೆಲ್ಕ್ರೋ ಮಡಚಿ ಅಂಟಿಸಿಬಿಡಿ. ಮೊದಲು ತಣ್ಣೀರಿನಲ್ಲಿ ಒಂದು ಸಣ್ಣ ಸುತ್ತು, ಅರ್ಧ ಪ್ರಮಾಣದ ಡಿಟರ್ಜೆಂಟ್ ಜತೆ. ಬಿಸಿನೀರು ಮೊದಲೇ ಹಾಕಿದರೆ ಕಕ್ಕದ ಕಲೆ ಕಚ್ಚಿಕೊಳ್ಳುತ್ತದೆ. ಆಮೇಲೆ 60 ಡಿಗ್ರಿಯಲ್ಲಿ ಉದ್ದದ ಸುತ್ತು, ಪೂರ್ತಿ ಡಿಟರ್ಜೆಂಟ್. ಕವರ್ ಚೀಟಿಯಲ್ಲಿ 40 ಡಿಗ್ರಿ ಅಂತಿದ್ದರೆ ಅವನ್ನು ಬೇರೆ ಹಾಕಿ. ಡ್ರಮ್ ಮುಕ್ಕಾಲು ತುಂಬಿರಲಿ. ಬಟ್ಟೆ ಕಡಿಮೆಯಾದರೆ ಒಂದಕ್ಕೊಂದು ಉಜ್ಜೋದಿಲ್ಲ, ತುರುಕಿದರೆ ನೀರು ಓಡಾಡೋದಿಲ್ಲ. ಕೊನೆಗೆ ನೊರೆ ಕಾಣದ ತನಕ ಜಾಲಿಸಿ.

ನೀರು ಗಡಸು ಅಂದಿರಿ. ಹಾಗಿದ್ದರೆ ಸೋಪಿನ ಬಿಲ್ಲೆ, ಸೋಪಿನ ಪುಡಿ ಬೇಡವೇ ಬೇಡ. ಗಡಸು ನೀರಿನ ಕ್ಯಾಲ್ಸಿಯಂ ಜತೆ ಸೋಪು ಸೇರಿ ಬಿಳಿ ಗಸಿಯಾಗಿ ನೂಲಿನ ಸಂದಿಗೆ ಕೂರುತ್ತದೆ. ಬಟ್ಟೆ ರಟ್ಟಿನ ಹಾಗೆ ಗಡುಸಾಗುತ್ತದೆ, ಹೀರೋದಿಲ್ಲ. ಡಿಟರ್ಜೆಂಟ್ ಪುಡಿಯನ್ನೇ ಸ್ವಲ್ಪ ಹೆಚ್ಚು ಹಾಕಿ. ಬಟ್ಟೆ ಮೆದುವಾಗಿಸುವ ಕಂಡೀಷನರ್ ಕೂಡ ಮುಟ್ಟಬೇಡಿ, ಅದು ನೂಲಿಗೆ ಪದರ ಕಟ್ಟುತ್ತದೆ. ಆಂಟಿಸೆಪ್ಟಿಕ್ ದ್ರಾವಣದ ಅಗತ್ಯವಿಲ್ಲ, ಬಟ್ಟೆಯಲ್ಲಿ ಉಳಿದರೆ ಮಗುವಿನ ಚರ್ಮ ಉರಿಯುತ್ತದೆ.

ಒಣಗಿದ ಡಯಾಪರ್‌ಗೆ ವಾಸನೆ ಇಲ್ಲದೆ, ಮಗು ಉಚ್ಚೆ ಮಾಡಿದ ತಕ್ಷಣ ಮೂಗಿಗೆ ಘಾಟು ಹೊಡೆದರೆ ಅದು ಅಮೋನಿಯಾ. ಒಳಗೆ ಉಳಿದ ಬ್ಯಾಕ್ಟೀರಿಯಾ ಉಚ್ಚೆಯ ಯೂರಿಯಾವನ್ನು ಒಡೆಯುವುದರಿಂದ ಹಾಗಾಗೋದು. ಆಗ ಬಿಸಿನೀರು, ಪೂರ್ತಿ ಡಿಟರ್ಜೆಂಟ್ ಹಾಕಿ ಎರಡು ಸಲ ಒಗೆಯಿರಿ. ಹೋಗದಿದ್ದರೆ ಒಗೆದ ಬಟ್ಟೆಗೆ ಮಾತ್ರ, ಬಾಟಲಿ ಮೇಲೆ ಹೇಳಿದಷ್ಟು ತೆಳುಮಾಡಿದ ಬ್ಲೀಚ್ ಒಂದು ಸಲ ಕೊಟ್ಟು, ಮತ್ತೆ ಒಗೆದು ಜಾಲಿಸಿ. ಉಚ್ಚೆಯ ಬಟ್ಟೆಗೆ ಬ್ಲೀಚ್ ಹಾಕಬೇಡಿ, ವಿನೆಗರ್ ಜತೆ ಬೆರೆಸಲೇಬೇಡಿ. ಎರಡರಲ್ಲೂ ವಿಷಗಾಳಿ ಏಳುತ್ತದೆ.

ಹಳದಿ ಕಲೆಗೆ ಬಿಸಿಲೇ ಮದ್ದು. ಬಟ್ಟೆ ಇನ್ನೂ ಒದ್ದೆಯಿರುವಾಗಲೇ ಕಲೆಯ ಮುಖ ಸೂರ್ಯನ ಕಡೆ ಮಾಡಿ ಹರವಿ. ಕವರ್‌ಗಳು ಮಾತ್ರ ನೆರಳಲ್ಲಿ ಒಣಗಲಿ. ಡಯಾಪರನ್ನು ಅಡ್ಡಕ್ಕೆ ಹಗ್ಗದ ಮೇಲೆ ಹಾಕಿ. ಒಂದೇ ತುದಿಗೆ ಕ್ಲಿಪ್ ಹಾಕಿ ನೇತುಬಿಟ್ಟರೆ ನೀರಿನ ಭಾರಕ್ಕೆ ಎಲಾಸ್ಟಿಕ್ ಜಗ್ಗುತ್ತದೆ.

ಹೊಸ ಅಮ್ಮ:
ಎಲ್ಲರಿಗೂ ತುಂಬಾ ಧನ್ಯವಾದ, ಹನಿ ನೀರಿನ ಪರೀಕ್ಷೆ ಇವತ್ತೇ ಮಾಡುತ್ತೇನೆ. ಇನ್ನೆರಡು ಪ್ರಶ್ನೆ: ರಾತ್ರಿಗೆ ಏನು ಹಾಕಲಿ? ನೆಂಟರೊಬ್ಬರು ಬಳಸಿದ ಪಾಕೆಟ್ ಡಯಾಪರ್ ಕೊಡುತ್ತೇನೆ ಅಂದಿದ್ದಾರೆ, ತೆಗೆದುಕೊಳ್ಳಬಹುದಾ?

ಡಯಾಪರ್ ಹೊಲಿಯುವವರು:
ಮೊದಲ ತಿಂಗಳುಗಳಲ್ಲಿ ಹಾಲಿಗೆ ಹೇಗೂ ಏಳುತ್ತೀರಿ, ಹಗಲಿನದ್ದನ್ನೇ ಹಾಕಿ ಆಗ ಬದಲಿಸಿ. ಮಗು ಉದ್ದಕ್ಕೆ ನಿದ್ದೆ ಮಾಡೋಕೆ ಶುರುಮಾಡಿದ ಮೇಲೆ ಪಾಕೆಟ್ ಒಳಗೆ ಮೇಲುಗಡೆ, ಅಂದರೆ ಮಗುವಿನ ಮೈ ಕಡೆಗೆ, ಮೈಕ್ರೋಫೈಬರ್, ಅದರ ಅಡಿಯಲ್ಲಿ ಹೆಂಪ್ ಅಥವಾ ಬಿದಿರಿನದು. ಮೇಲಿನದು ರಭಸವನ್ನು ಹಿಡಿಯುತ್ತದೆ, ಕೆಳಗಿನದು ಅದನ್ನು ಎಳೆದು ಇಟ್ಟುಕೊಳ್ಳುತ್ತದೆ. ತಿರುಗಿಸಿಟ್ಟರೆ ಹೆಂಪ್ ಹೀರುವ ಮೊದಲೇ ಪಕ್ಕಕ್ಕೆ ಹರಿದುಹೋಗುತ್ತದೆ. ಮೇಲೆ ಬಿಗಿಯಾದ ಚಡ್ಡಿ ಹಾಕಬೇಡಿ, ಒತ್ತಿ ಹಿಂಡಿದ ಹಾಗಾಗುತ್ತದೆ.

ಬಳಸಿದ್ದು ಧಾರಾಳವಾಗಿ ತೆಗೆದುಕೊಳ್ಳಿ, ನೋಡಿ ತೆಗೆದುಕೊಳ್ಳಿ. ಕಾಲಿನ ಎಲಾಸ್ಟಿಕ್ ಎಳೆದು ಬಿಡಿ, ತಟ್ಟನೆ ವಾಪಸ್ ಬರಬೇಕು. ಎಳೆದಾಗ ಒಳಗೆ ಕರಕರ ಅಂದರೆ ಎಲಾಸ್ಟಿಕ್ ಒಣಗಿ ಮುರಿಯುತ್ತಿದೆ. ಕವರ್ ಚೆನ್ನಾಗಿದ್ದರೆ ಅಷ್ಟನ್ನು ಬಿಚ್ಚಿ ಹೊಸದು ಹೊಲಿಸಬಹುದು. ಆಮೇಲೆ ಒಳಮೈ ಹೊರಗೆ ಮಾಡಿ ಜಲನಿರೋಧಕ ಪದರವನ್ನು ಬೆಳಕಿಗೆ ಹಿಡಿದು ನೋಡಿ. ಬಟ್ಟೆಯಿಂದ ಬಿಟ್ಟು ಗುಳ್ಳೆ ಗುಳ್ಳೆಯಾಗಿದ್ದರೆ, ಬಿರುಕು ಕಂಡರೆ ಅದಕ್ಕೆ ರಿಪೇರಿ ಇಲ್ಲ, ಬೇಡ ಅನ್ನಿ. ತಂದ ಮೇಲೆ ಒಗೆದು, ಬ್ಲೀಚ್ ಒಂದು ಸಲ ಕೊಟ್ಟು, ಮತ್ತೆ ಒಗೆದು ಜಾಲಿಸಿ ಇಟ್ಟುಕೊಳ್ಳಿ.